ಇಪ್ಪತ್ತೇಳನೆಯ ಸಾಲು

ಅವಳಿಗೆ ಇಸ್ತ್ರಿ ಎಂದು ಅಡ್ಡಹೆಸರಿಟ್ಟವರು ಜೊತೆಗೆ ಕೆಲಸ ಮಾಡಿದವರೇ. ಯಾರು ಎಷ್ಟೇ ಅಡ್ಡಾದಿಡ್ಡಿಯಾಗಿ ಗೀಚಿದ ಪ್ರೋಗ್ರಾಮಾದರೂ ಸರಿ, ಅವಳ ಕೈಗೆ ಕೊಟ್ಟರೆ ಒಂದು ಸುಕ್ಕೂ ಉಳಿಯದಂತೆ ನೇರ ಮಾಡಿ, ಮಡಚಿ ವಾಪಸು ಕೊಡುತ್ತಿದ್ದಳು. ಹೆಸರು ಕೇಳಿ ಅವಳಿಗೆ ಸಿಟ್ಟೇನೂ ಬರಲಿಲ್ಲ, ಒಳಗೊಳಗೇ ಹೆಮ್ಮೆಯಾಯಿತು. ಓದಿದ ಕೂಡಲೇ ಅರ್ಥವಾಗದ ಪ್ರೋಗ್ರಾಮು ಅಂದರೆ ಬರೆದವರ ಸೋಮಾರಿತನ ಎಂಬುದು ಅವಳ ಗಟ್ಟಿ ನಂಬಿಕೆ. ಹದಿನೆಂಟು ವರ್ಷ ಇದೇ ಕೆಲಸ ಮಾಡಿದವರು ಹೀಗೆ ನಂಬಿ ಕೂತರೆ ತಿದ್ದುವವರು ಯಾರು?

ನೀರು ಸರಬರಾಜಿನ ಕಟ್ಟಡಕ್ಕೆ ಅವಳನ್ನು ಕರೆಸಿದ್ದು ಐದು ವಾರದ ಕೆಲಸಕ್ಕೆ. ಜಲಾಶಯದಿಂದ ಊರಿಗೆ ನೀರು ತರಲು ನೆಲದಡಿ ಎರಡು ಸುರಂಗಗಳಿದ್ದವು. ಸುರಂಗಗಳ ಕಬ್ಬಿಣದ ಬಾಗಿಲುಗಳನ್ನು ತೆರೆದು ಮುಚ್ಚಲು ಒಂದು ಹಳೆಯ ಯಂತ್ರವಿತ್ತು, ಅದರೊಳಗೆ ನಲವತ್ತೊಂದು ಸಾಲಿನ ಒಂದು ಪ್ರೋಗ್ರಾಮು. ಅದನ್ನು ಎಲ್ಲರಿಗೂ ಗೊತ್ತಿರುವ ಭಾಷೆಯಲ್ಲಿ ಹೊಸದಾಗಿ ಬರೆದು, ಹೊಸ ಯಂತ್ರಕ್ಕೆ ತುಂಬಿ, ಹಳೆಯದನ್ನು ಗುಜರಿಗೆ ಕಳಿಸಬೇಕಿತ್ತು. ಅವಳು ಈ ಕೆಲಸ ಒಪ್ಪಿಕೊಂಡದ್ದಕ್ಕೆ ಇನ್ನೊಂದು ಕಾರಣವಿತ್ತು. ಅವಳ ತಮ್ಮ ಅಲ್ಲೇ ಸುರಂಗ ತೊಳೆಯುವವನು. ಪ್ರತಿ ಶುಕ್ರವಾರ ಒಂದು ಸುರಂಗವನ್ನು ಬರಿದು ಮಾಡುತ್ತಿದ್ದರು. ಹತ್ತು ಗಂಟೆಗೆ ಅವನು ಜೊತೆಗಾರನೊಂದಿಗೆ ರಬ್ಬರ್ ಬೂಟು ಹಾಕಿಕೊಂಡು ಇಳಿದು, ಕೆಸರು ಕೆರೆದು, ಮೂರರೊಳಗೆ ಮೇಲೆ ಬರುತ್ತಿದ್ದ. ಮೂರು ಇಪ್ಪತ್ತಕ್ಕೆ ಯಂತ್ರ ಬಾಗಿಲು ತೆರೆದು ನೀರು ಬಿಡುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಹೋದಾಗ ಆ ತಮ್ಮನಿಗೆ ಒಂಬತ್ತು ವರ್ಷ, ಅವಳಿಗೆ ಇಪ್ಪತ್ತು. ಅವನ ತಲೆ ಬಾಚಿ, ಬೈದು, ಉಣ್ಣಿಸಿ ಬೆಳೆಸಿದವಳು ಅವಳು. ಅವನ ತಲೆಯ ಮೇಲೆ ನೀರು ಬಿಡುವ ಯಂತ್ರ ಯಾರಿಗೂ ತಿಳಿಯದ ಭಾಷೆಯಲ್ಲಿ ನಡೆಯುತ್ತಿದೆ ಎಂದು ಗೊತ್ತಾದ ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೊದಲ ದಿನ ಪ್ರೋಗ್ರಾಮನ್ನು ಪರದೆಯ ಮೇಲೆ ತೆರೆದು ನೋಡಿದಾಗ ಅವಳು ಮೂಗು ಮುರಿದಳು. ಅಲ್ಲಿ ಪದವೇ ಇರಲಿಲ್ಲ. ಸುತ್ತು, ಕೊಕ್ಕೆ, ತಲೆಕೆಳಗಾದ ತ್ರಿಕೋನ, ಹೊಟ್ಟೆಯಲ್ಲಿ ಚುಕ್ಕೆ ಇಟ್ಟುಕೊಂಡ ಸೊನ್ನೆ. ಸಾಲದ್ದಕ್ಕೆ ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ ಓದಬೇಕಂತೆ.

"ಇದನ್ನ ಪ್ರೋಗ್ರಾಮು ಅಂತಾರಾ? ಕೋಳಿ ಕಾಲಿಗೆ ಮಸಿ ಹಚ್ಚಿ ಓಡಿಸಿದ ಹಾಗಿದೆ," ಎಂದಳು.

ಪಕ್ಕದಲ್ಲಿ ಹಿರಿಯ ಆಪರೇಟರು ಕೂತಿದ್ದರು. ಎಲ್ಲರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿ ಮೂವತ್ತು ವರ್ಷ ದಾಟಿತ್ತು, ನಿವೃತ್ತಿಗೆ ಎಂಟು ತಿಂಗಳು ಬಾಕಿ. "ಬರೆದವರು ದೊಡ್ಡಮ್ಮ. ಇಲ್ಲಿ ಚೀಫ್ ಇಂಜಿನಿಯರ್ ಆಗಿದ್ರು, ನಾವೆಲ್ಲ ಹಾಗೇ ಕರೀತಿದ್ವಿ. ಅವರಿಗೆ ಅದು ನೀರು ಕುಡಿದಷ್ಟು ಸಲೀಸು," ಎಂದರು. "ಅವರು ತೀರಿಕೊಂಡು ಆರು ವರ್ಷ ಆಯ್ತು. ಒಂದು ನೋಟ್‌ಬುಕ್ ಬಿಟ್ಟು ಹೋಗಿದಾರೆ, ಯಾವ ಗುರುತಿಗೆ ಏನರ್ಥ ಅಂತ. ಬೇಕಾದ್ರೆ ಕೊಡ್ತೀನಿ."

"ಓದೋಕೆ ನೋಟ್‌ಬುಕ್ ಬೇಕು ಅನ್ನೋದಾದ್ರೆ ಅದು ಪ್ರೋಗ್ರಾಮೇ ಅಲ್ಲ, ಮಾವ. ಬೇಡ."

ಮಾವ ಒತ್ತಾಯ ಮಾಡಲಿಲ್ಲ.

ಅವತ್ತೇ ಮಧ್ಯಾಹ್ನ ಮೂರು ಹತ್ತಕ್ಕೆ ಪಂಪುಗಳೆಲ್ಲ ಒಮ್ಮೆಲೇ ನಿಂತವು. ಬೆಳಗಿನಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ಗುಂಯ್‌ಗುಟ್ಟುವಿಕೆ ಇಲ್ಲವಾಗಿ, ತಾನು ಎಲ್ಲೋ ಜಾರಿದೆ ಎಂಬಂತೆ ಅವಳು ಮೇಜು ಹಿಡಿದುಕೊಂಡಳು. ಕೆಟ್ಟುಹೋಯಿತೇನೋ ಎಂದು ಕೇಳಲು ತಿರುಗಿದರೆ ಮಾವ ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಬಾಗಿಲ ಬಳಿ ನೆಲ ಒರೆಸುತ್ತಿದ್ದಾಕೆ ಒರೆಸುಕೋಲನ್ನು ಗೋಡೆಗೆ ಒರಗಿಸದೆ ಕೈಯಲ್ಲೇ ಹಿಡಿದು ನಿಂತಿದ್ದಳು. ಕೆಳಗಿನ ಪಂಪ್ ಹಾಲಿನಲ್ಲಿ ಫಿಟ್ಟರುಗಳು ಸ್ಪ್ಯಾನರ್ ಕೈಯಲ್ಲಿ ಹಿಡಿದೇ ತಟಸ್ಥರಾಗಿದ್ದರು. ಒಬ್ಬರೂ ಮಾತಾಡಲಿಲ್ಲ, ಕೆಮ್ಮಲಿಲ್ಲ. ಇಡೀ ಕಟ್ಟಡ ಉಸಿರು ಬಿಗಿಹಿಡಿದು ಕಿವಿಗೊಟ್ಟಂತಿತ್ತು. ಹಳೆಯ ಯಂತ್ರ ಮಾತ್ರ ಸಣ್ಣಗೆ ಕರಕರ ಎಂದು ಕಾಗದದ ಮೇಲೆ ಏನನ್ನೋ ಮುದ್ರಿಸಿತು. ಅದೇ ಹೊತ್ತಿಗೆ ಅವಳ ಅಂಗಾಲಿಗೆ ನೆಲದೊಳಗಿಂದ ಏನೋ ತಟ್ಟಿದಂತಾಯಿತು. ತಟ್ಟಿತೋ ಇಲ್ಲವೋ ಎಂದು ಹೇಳಲಾರದಷ್ಟು ಸಣ್ಣಗೆ, ಮೂರು ಸಲ. ಅವಳು ಕಾಲನ್ನು ಮೇಲೆತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡಳು.

ಹತ್ತು ನಿಮಿಷದ ನಂತರ ಪಂಪುಗಳು ಮತ್ತೆ ಶುರುವಾದವು.

"ದಿನಾ ಹೀಗೇನಾ?"

"ದಿನಾ. ದೊಡ್ಡಮ್ಮ ಹೇಳಿದ್ರು, ಆ ಹತ್ತು ನಿಮಿಷ ಯಾರೂ ಸದ್ದು ಮಾಡಬೇಡಿ, ಅದು ಕೇಳಿಸ್ಕೊಳ್ತಿರುತ್ತೆ ಅಂತ. ಸುರಂಗದ ಗೋಡೆ ಉದ್ದಕ್ಕೂ ಮೈಕು ಇಡಿಸಿದಾರೆ."

"ಏನನ್ನ ಕೇಳಿಸ್ಕೊಳ್ಳೋದು?"

"ಅದನ್ನ ನಾನು ಕೇಳ್ಲಿಲ್ಲ," ಎಂದರು ಮಾವ. ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡದ್ದನ್ನು ಅವಳು ಗಮನಿಸಿದಳು, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಭಾಷೆ ಕಲಿಯದೆ ಪ್ರೋಗ್ರಾಮನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಅವಳ ಕಸುಬಿನಲ್ಲಿ ಒಂದು ದಾರಿ ಇದೆ. ಒಂದೊಂದೇ ಸಾಲಿಗೆ ಏನಾದರೂ ಕೊಟ್ಟು, ಅದು ಏನು ಹಿಂತಿರುಗಿಸುತ್ತದೆ ಎಂದು ನೋಡುವುದು. ಮಾತು ಬಾರದ ಊರಿನಲ್ಲಿ ಕೈಸನ್ನೆಯಿಂದ ಸಾಮಾನು ಕೊಂಡ ಹಾಗೆ. ಹೀಗೆ ತಿವಿದು ತಿವಿದು ನೋಡಿ ಅವಳು ಮೂರು ವಾರದಲ್ಲಿ ನಲವತ್ತು ಸಾಲುಗಳ ಗುಟ್ಟು ಹಿಡಿದಳು. ಆ ಹತ್ತು ನಿಮಿಷದ ಮೌನಕ್ಕೆ ಕಾರಣವಾದ ಇಪ್ಪತ್ತೇಳನೆಯ ಸಾಲು ಮಾತ್ರ ತಲೆ ತಿಂದಿತು. ಅದು ಏನನ್ನೋ ಎಣಿಸುತ್ತಿತ್ತು. ಎಣಿಕೆ ಯಾವಾಗಲೂ ಒಂದು. ಆಮೇಲೆ ಆ ಒಂದರಿಂದ ಒಂದು ಕಳೆಯುತ್ತಿತ್ತು. ಉಳಿದದ್ದು ಸೊನ್ನೆಯಾದರೆ ಬಾಗಿಲು ತೆರೆಯಲು ಅಡ್ಡಿಯಿಲ್ಲ ಎನ್ನುತ್ತಿತ್ತು. ಅವಳು ಹಿಂದಿನ ಒಂದು ವರ್ಷದ ಮುದ್ರಿತ ಕಾಗದಗಳನ್ನು ತೆಗೆಸಿ ನೋಡಿದಳು. ಸುರಂಗ ಬರಿದಾಗಿದ್ದ ದಿನವೂ ಒಂದು, ಬಾಯಿಮಟ್ಟ ನೀರು ತುಂಬಿದ್ದ ದಿನವೂ ಒಂದು.

ಅವಳಿಗೆ ನಗು ಬಂತು. ಎಣಿಕೆ ಬರೆಯುವಾಗ ಒಂದು ಹೆಚ್ಚೋ ಒಂದು ಕಡಿಮೆಯೋ ಆಗುವುದು ಅವಳ ಕಸುಬಿನವರಿಗೆ ಹಲ್ಲುನೋವಿನಷ್ಟು ಪರಿಚಿತ. ಎಲ್ಲರೂ ಮಾಡುವ ತಪ್ಪು. ಮರ್ಯಾದೆಯಿದ್ದವರು ಮೂಲ ಹುಡುಕಿ ತಿದ್ದುತ್ತಾರೆ, ಸೋಮಾರಿಗಳು ಕೊನೆಯಲ್ಲಿ ಒಂದು ಕಳೆದು ಕೈ ತೊಳೆದುಕೊಳ್ಳುತ್ತಾರೆ. ದೊಡ್ಡಮ್ಮನೂ ಅದನ್ನೇ ಮಾಡಿದ್ದಾರೆ ಎಂದುಕೊಂಡಳು. ಸಾಲನ್ನು ತೆಗೆದು ಮೂವತ್ತು ಪರೀಕ್ಷೆ ಮಾಡಿದಳು. ಮೂವತ್ತರಲ್ಲೂ ಫಲಿತಾಂಶ ಒಂದಿಷ್ಟೂ ಬದಲಾಗಲಿಲ್ಲ. ತೆಗೆದರೂ ಏನೂ ಆಗದ ಸಾಲನ್ನು ಅವಳ ಭಾಷೆಯಲ್ಲಿ ಸತ್ತ ಸಾಲು ಎನ್ನುತ್ತಾರೆ. ತನ್ನ ಎರಡು ಸಾವಿರದ ಮುನ್ನೂರು ಸಾಲಿನ ಹೊಸ ಪ್ರೋಗ್ರಾಮಿನಲ್ಲಿ ಅದಕ್ಕೆ ಅವಳು ಜಾಗ ಕೊಡಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಅದನ್ನು ತಮ್ಮನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಇಸ್ತ್ರಿ ಜಾಸ್ತಿ ಬಿಸಿ ಮಾಡ್ಬೇಡ ಕಣೇ ಅಕ್ಕ, ಬಟ್ಟೆ ಸುಟ್ಟೋಗುತ್ತೆ."

"ನೀನು ಕೆಸರು ಕೆರಿ, ಸಾಕು."

"ಕೆರೀತೀನಿ. ಆ ಹತ್ತು ನಿಮಿಷ ಮಾತ್ರ ನಂಗೆ ಇಷ್ಟ ಇತ್ತು. ಇಡೀ ದಿನದಲ್ಲಿ ನೀನು ಬಾಯಿ ಮುಚ್ಕೊಂಡಿರೋದು ಅಷ್ಟೇ ಅಲ್ವಾ?"

ಅವಳು ಹುಳಿಯ ಸೌಟನ್ನು ಅವನ ಕಡೆ ತೋರಿಸಿ ಹೆದರಿಸಿದಳು.

ಐದನೆಯ ವಾರದ ಸೋಮವಾರ ಹೊಸ ಯಂತ್ರ ಕೆಲಸ ಶುರು ಮಾಡಿತು. ಒಂದು ವಾರ ಎರಡನ್ನೂ ತಾಳೆ ನೋಡಲು ಹಳೆಯ ಯಂತ್ರವನ್ನೂ ನಡೆಸುತ್ತಿದ್ದರು. ಅದಕ್ಕೆ ಮೈಕುಗಳ ಸಂಪರ್ಕ ಹಾಗೇ ಇತ್ತು, ಬಾಗಿಲುಗಳ ಮೇಲಿನ ಅಧಿಕಾರ ಮಾತ್ರ ಹೋಗಿತ್ತು. ಮೂರು ಹತ್ತಕ್ಕೆ ಪಂಪುಗಳು ನಿಲ್ಲಲಿಲ್ಲ. ಆದರೂ ಕಟ್ಟಡದಲ್ಲಿ ಎಲ್ಲರ ಬಾಯಿಗೂ ಬೀಗ ಬಿತ್ತು. ಅಷ್ಟು ಗದ್ದಲದ ನಡುವೆ ಅವರೆಲ್ಲ ಸುಮ್ಮನೆ ನಿಂತದ್ದು ನೋಡಿ ಅವಳಿಗೆ ರೇಗಿತು. ಹಳೆಯ ಯಂತ್ರ ಅವತ್ತು ಒಂದು ಎಂದು ಮುದ್ರಿಸಲಿಲ್ಲ. ಅವಳು ಹಿಂದೆಂದೂ ನೋಡದ, ಬಸವನಹುಳುವಿನಂತೆ ಸುರುಳಿ ಸುತ್ತಿದ ಒಂದು ಗುರುತನ್ನು ಮುದ್ರಿಸಿತು. ಮಂಗಳವಾರ ಅದೇ ಗುರುತು ಒಂದು ಸಾಲು ತುಂಬ ಬಂತು. ಬುಧವಾರ ಅರ್ಧ ಹಾಳೆ. ಗುರುವಾರ ಮೂರು ಹತ್ತಕ್ಕೆ ಶುರುವಾದ ಕರಕರ ಸದ್ದು ಹತ್ತು ನಿಮಿಷ ಒಂದೇ ಸಮನೆ ನಡೆದು, ಕಾಗದ ಯಂತ್ರದಿಂದ ಇಳಿದು ನೆಲದ ಮೇಲೆ ಹರಡಿ ಅವಳ ಕುರ್ಚಿಯ ಕಾಲಿನ ತನಕ ಬಂತು. ಇಡೀ ಕಾಗದದಲ್ಲಿ ಸುರುಳಿ ಬಿಟ್ಟು ಬೇರೇನೂ ಇರಲಿಲ್ಲ.

"ಮಾವ, ಆ ನೋಟ್‌ಬುಕ್ ಕೊಡಿ," ಎಂದಳು.

ಮಾವ ಬೀರುವಿನಿಂದ ತಂದುಕೊಟ್ಟರು. ನೀಲಿ ರಟ್ಟಿನ ಪುಸ್ತಕ, ಒಳಗೆ ಪೆನ್ಸಿಲಿನ ದುಂಡು ಅಕ್ಷರ. ಸುರುಳಿಯ ಗುರುತು ಒಂಬತ್ತನೆಯ ಪುಟದಲ್ಲಿತ್ತು. ಅದರ ಮುಂದೆ ದೊಡ್ಡಮ್ಮ ಬರೆದಿದ್ದರು: ಸದ್ದು ಬಹಳ, ಕೇಳಿಸುತ್ತಿಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದು ಮಾವ ಎದುರಿಗೆ ಕೂತರು. "ದೊಡ್ಡಮ್ಮ ಮೊದಲು ಬರೆದದ್ದು ಎಲ್ಲರಿಗೂ ಬರೋ ಭಾಷೇಲೇ. ನಿನ್ನ ಹಾಗೇ ಅಚ್ಚುಕಟ್ಟು. ಆರು ಜನ ಇಂಜಿನಿಯರು ನೋಡಿ ಸಹಿ ಹಾಕಿದ್ರು. ಒಂದು ಶುಕ್ರವಾರ ಒಳಗೆ ಆಳು ಇರೋವಾಗ್ಲೇ ಅದು ನೀರು ಬಿಡ್ತು. ಆ ಆಳು ನನ್ನಣ್ಣ. ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ."

ಅವಳು ನೋಟ್‌ಬುಕ್ಕನ್ನು ಮಡಿಲಿಗಿಟ್ಟುಕೊಂಡಳು.

"ತಪ್ಪು ಎರಡನೇ ಪುಟದಲ್ಲೇ ಇತ್ತಂತೆ. ಎಲ್ಲರಿಗೂ ಓದೋಕೆ ಬರ್ತಿತ್ತು, ಅದಕ್ಕೇ ಯಾರೂ ಓದಿರ್ಲಿಲ್ಲ. ದೊಡ್ಡಮ್ಮ ಅದನ್ನ ಹರಿದು ಹಾಕಿ ಈ ಭಾಷೇಲಿ ಬರೆದ್ರು. ಇದನ್ನ ಮುಟ್ಬೇಕು ಅನ್ನೋರು ನಿಧಾನವಾಗಿ ಓದ್ಲೇಬೇಕು ಅಂತಿದ್ರು."

ಶುಕ್ರವಾರ ಬೆಳಿಗ್ಗೆ ತಮ್ಮ ಎಂದಿನಂತೆ ಜೊತೆಗಾರನೊಂದಿಗೆ ಸುರಂಗಕ್ಕೆ ಇಳಿದ. ಅವಳು ನೋಟ್‌ಬುಕ್ ಹಿಡಿದು ಹಳೆಯ ಪ್ರೋಗ್ರಾಮಿನ ಮುಂದೆ ಕೂತಳು. ಮೊದಲ ಒಂದು ಗಂಟೆ ಕಣ್ಣು ಹಟ ಮಾಡಿತು, ಎಡದಿಂದ ಬಲಕ್ಕೇ ಓಡಿತು. ಹತ್ತು ಸಾಲು ದಾಟಿದ ಮೇಲೆ ಗುರುತುಗಳು ತಾವಾಗಿ ತೆರೆದುಕೊಳ್ಳತೊಡಗಿದವು. ತಾನು ನಾನೂರು ಸಾಲಿನಲ್ಲಿ ಹೇಳಿದ್ದನ್ನು ಇಲ್ಲಿ ಏಳು ಗುರುತು ಹೇಳಿ ಮುಗಿಸಿತ್ತು, ಅದೂ ಸ್ಪಷ್ಟವಾಗಿ. ಅವಳಿಗೆ ನಾಚಿಕೆಯಾಯಿತು. ಸಂತೋಷವೂ ಆಯಿತು, ಅದನ್ನು ಮುಚ್ಚಿಡುವುದೇಕೆ? ಮಧ್ಯಾಹ್ನದ ಊಟವನ್ನೂ ಮರೆತು ಓದಿದಳು. ಆ ನಡುವೆ ಒಮ್ಮೆ ತಮ್ಮನ ಜೊತೆಗಾರ ಹೊಟ್ಟೆನೋವೆಂದು ಮೇಲೆ ಬಂದು ಬೆಂಚಿನ ಮೇಲೆ ಮಲಗಿದ. ಮಿಕ್ಕಿದ್ದನ್ನು ತಮ್ಮ ಒಬ್ಬನೇ ಮುಗಿಸುತ್ತಾನಂತೆ.

ಇಪ್ಪತ್ತೇಳನೆಯ ಸಾಲಿಗೆ ಬಂದಾಗ ಗಂಟೆ ಮೂರಾಗಲು ಐದು ನಿಮಿಷ. ಬಲತುದಿಯಿಂದ ಒಂದೊಂದೇ ಗುರುತನ್ನು ಬಿಡಿಸಿ ಕಾಗದದ ಮೇಲೆ ಬರೆದುಕೊಂಡಳು. ನಿಲ್ಲಿಸು. ಕೇಳು. ಕೇಳಿದ್ದರಲ್ಲಿ ನೀರಿನ ಸದ್ದು ತೆಗೆ, ಯಂತ್ರದ ಸದ್ದು ತೆಗೆ. ಉಳಿದ ಸದ್ದಿನಲ್ಲಿ ಜನರನ್ನು ಎಣಿಸು. ಆಮೇಲೆ ಒಂದು ಕಳೆಯುವ ಗುರುತು. ಅವಳು ಸೋಮಾರಿತನ ಎಂದು ನಕ್ಕಿದ್ದ ಗುರುತು. ನೋಟ್‌ಬುಕ್ಕಿನಲ್ಲಿ ಅದರ ಪಕ್ಕ ಬೇರೆ ಯಾವ ವಿವರಣೆಯೂ ಇರಲಿಲ್ಲ. ಹಳೆಯ ಒಂದು ಶುಕ್ರವಾರದ ತಾರೀಖಿತ್ತು, ಕೆಳಗೆ ಎರಡೇ ಪದ: ಅವನೊಬ್ಬನನ್ನು ಬಿಟ್ಟು.

ಉಳಿದ ಗುರುತುಗಳನ್ನು ನೋಟ್‌ಬುಕ್ ನೋಡದೆಯೇ ಓದಿದಳು. ಇನ್ನೂ ಯಾರಾದರೂ ಉಳಿದಿದ್ದರೆ ಬಾಗಿಲು ತೆರೆಯಬೇಡ.

ಅವಳ ಮೂವತ್ತು ಪರೀಕ್ಷೆಗಳಲ್ಲಿ ಒಂದರಲ್ಲೂ ಸುರಂಗದೊಳಗೆ ಮನುಷ್ಯನಿರಲಿಲ್ಲ. ಅವಳ ಹೊಸ ಪ್ರೋಗ್ರಾಮು ಗಡಿಯಾರ ಮಾತ್ರ ನೋಡುತ್ತಿತ್ತು.

"ಮಾವ, ನನ್ ತಮ್ಮ ಮೇಲೆ ಬಂದ್ನಾ?"

"ಬಂದಿರ್ತಾನೆ. ಶುಕ್ರವಾರ ಸುರಂಗದ ಆ ಕಡೆ ಬಾಯಿಂದ ಹತ್ತಿ ಸೀದಾ ಮನೆಗೆ ಹೋಗ್ತಾರಲ್ಲ ಎಲ್ಲರೂ. ಇಲ್ಲಿಗೆ ಬಂದು ಹೇಳೋ ರೂಢಿಯೇ ಇಲ್ಲ."

ಅದು ಅವರ ತಪ್ಪೆಂದೂ ಹೇಳುವಂತಿರಲಿಲ್ಲ. ಅಷ್ಟು ವರ್ಷ ದೊಡ್ಡಮ್ಮನ ಸಾಲು ಅವರ ಪರವಾಗಿ ಎಣಿಸುತ್ತಾ ಬಂದಿತ್ತು, ಅವರು ಎಣಿಸುವುದನ್ನೇ ಬಿಟ್ಟಿದ್ದರು. ಅವಳು ಫೋನು ಮಾಡಿದಳು. ರಿಂಗಾಗಲೇ ಇಲ್ಲ. ಮೂರು ಒಂಬತ್ತು. ಎದ್ದು ಹೋಗಿ ಗೋಡೆಯ ಮೇಲಿನ ಕೆಂಪು ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಗೆಳೆದಳು. ಅದು ಪಂಪುಗಳನ್ನೂ ಬಾಗಿಲುಗಳನ್ನೂ ಒಟ್ಟಿಗೆ ನಿಲ್ಲಿಸುವ ಸ್ವಿಚ್ಚು. ಕಟ್ಟಡ ಸ್ತಬ್ಧವಾಯಿತು.

ಹಳೆಯ ಯಂತ್ರ ಸ್ವಲ್ಪ ಹೊತ್ತು ಸುಮ್ಮನಿತ್ತು. ಅವಳಿಗೆ ತನ್ನ ಎದೆಬಡಿತವೇ ಅಡ್ಡಿ ಮಾಡೀತೆಂದು ಭಯವಾಯಿತು. ಅಂಗಾಲಿನಡಿ ನೆಲ ತಟ್ಟಿತು, ಮೂರು ಸಲ. ಒಂದು ಕ್ಷಣ ಬಿಟ್ಟು, ಅದರ ಹಿಂದೆಯೇ, ಇನ್ನೊಂದು ತೆರನ ತಟ್ಟು. ಅಡ್ಡಾದಿಡ್ಡಿ, ಅವಸರದ್ದು. ಯಂತ್ರ ಕರಕರ ಎಂದಿತು. ಅವಳು ಕಾಗದ ಹರಿದು ನೋಡಿದಳು.

ಎರಡು.

ಮಾವನೂ ಹೊಟ್ಟೆನೋವಿನ ಜೊತೆಗಾರನೂ ಟಾರ್ಚು ಹಿಡಿದು ಸುರಂಗಕ್ಕೆ ಓಡಿದರು. ಅವಳು ಸುರಂಗದ ಬಾಯಿಯ ಮೆಟ್ಟಿಲ ಮೇಲೆ ಮಂಡಿಯೂರಿ ಕತ್ತಲೊಳಗೆ ತಮ್ಮನ ಚಿಕ್ಕಂದಿನ ಮುದ್ದಿನ ಹೆಸರು ಹಿಡಿದು ಕೂಗಿದಳು. ಇಪ್ಪತ್ತೈದು ನಿಮಿಷವಾಯಿತು. ಮೂರು ಇಪ್ಪತ್ತು ದಾಟಿದ್ದು ಅವಳಿಗೆ ಗೊತ್ತಾಯಿತು, ಬಾಗಿಲ ಹಿಂದೆ ನಿಂತ ನೀರು ಕಬ್ಬಿಣವನ್ನು ಒತ್ತುವ ನರಳಿಕೆಯೂ ಕೇಳಿಸಿತು. ಕೊನೆಗೆ ಬೆಳಕು ಅಲ್ಲಾಡುತ್ತ ಬಂತು. ಮಾವನ ಹೆಗಲಿಗೆ ಒಂದು ಕೈ ಹಾಕಿ ತಮ್ಮ ಕುಂಟುತ್ತಿದ್ದ. ಕಳಚಿಬಿದ್ದ ಕಬ್ಬಿಣದ ಜಾಲರಿಯ ಕೆಳಗೆ ಕಾಲು ಸಿಕ್ಕಿಕೊಂಡಿತ್ತು, ಫೋನು ಟಾರ್ಚು ಎರಡೂ ಕೆಸರಿನ ಪಾಲಾಗಿದ್ದವು. ಮೆಟ್ಟಿಲ ಮೇಲೆ ಕೂರಿಸಿ ಅವಳು ಅವನ ಮುಖ, ತಲೆ, ಕೈಬೆರಳುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದಳು. ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಅವನ ತಣ್ಣನೆಯ ಕೆನ್ನೆಗೆ ಒಂದು ಏಟು ಕೊಟ್ಟು ಅಪ್ಪಿಕೊಂಡಳು.

"ಸಾಕು ಬಿಡೇ, ಅಕ್ಕ. ಮೊದ್ಲು ಅವರಿಗೊಂದು ಕಂಬಳಿ ಕೊಡಿ," ಎಂದ ತಮ್ಮ. "ನನಗಿಂತ ಜಾಸ್ತಿ ನಡುಗ್ತಿದಾರೆ."

"ಯಾರಿಗೋ?"

"ಒಳಗೆ ನನ್ ಜೊತೆ ಇದ್ದೋರು. ಕತ್ತಲಲ್ಲಿ ಮುಖ ಕಾಣ್ಲಿಲ್ಲ. ಪೈಪಿಗೆ ಬಡಿ, ಮೇಲೆ ಕೇಳಿಸುತ್ತೆ ಅಂತ ನನ್ ಕೈ ಹಿಡಿದು ಬಡಿಸಿದ್ರು. ಇವರು ಬಂದು ಜಾಲರಿ ಎತ್ತಿದಾಗ ನೀವೂ ಬನ್ನಿ ಅಂತ ಕೈ ಕೊಟ್ಟೆ. ಬಿಗಿಯಾಗಿ ಹಿಡ್ಕೊಂಡ್ರು. ಈ ಮೆಟ್ಟಿಲ ತನಕ ಬಿಡ್ಲಿಲ್ಲ."

ಜೊತೆಗಾರ ಸುರಂಗದ ಕಡೆಗೊಮ್ಮೆ, ತನ್ನ ಅಕ್ಕಪಕ್ಕಕ್ಕೊಮ್ಮೆ ನೋಡಿದ. ಒಳಗೆ ಬೇರೆ ಯಾರೂ ಇರಲಿಲ್ಲ ಎಂದು ಮೆಲ್ಲಗೆ ಹೇಳಿದ. ಮಾವ ಟಾರ್ಚನ್ನು ತಮ್ಮನ ಪಕ್ಕದ ಖಾಲಿ ಜಾಗಕ್ಕೆ ಹಿಡಿದರು.

"ಮೇಲೆ ಹೋಗಿ ನೋಡಮ್ಮ," ಎಂದರು ಆಮೇಲೆ. "ಈಗ ಎಷ್ಟು ತೋರಿಸುತ್ತೆ ನೋಡು."

ಪಂಪುಗಳು ಇನ್ನೂ ನಿಂತೇ ಇದ್ದವು. ಅವಳು ಹಳೆಯ ಯಂತ್ರಕ್ಕೆ ಇಪ್ಪತ್ತೇಳನೆಯ ಸಾಲನ್ನು ಮತ್ತೆ ನಡೆಸಲು ಹೇಳಿ ಕಾದಳು. ಈ ಸಲ ಅದು ತಡ ಮಾಡಲಿಲ್ಲ. ಎಣಿಕೆ ಸೊನ್ನೆ. ಅದರ ಕೆಳಗೆ, ಅವನೊಬ್ಬನನ್ನು ಬಿಟ್ಟು, ಸೊನ್ನೆಗಿಂತ ಒಂದು ಕಡಿಮೆ. ಆ ಸಂಖ್ಯೆಯನ್ನು ನೋಡುತ್ತ ನಿಂತ ಅವಳಿಗೆ ಮುಂದಿನದು ತಾನಾಗಿ ಹೊಳೆಯಿತು. ಮುಂದೆಂದಾದರೂ ಒಬ್ಬನೇ ಒಬ್ಬ ಒಳಗೆ ಸಿಕ್ಕಿಕೊಂಡರೆ ಈ ಸಾಲು ಅವನನ್ನೇ ಬಿಟ್ಟು ಎಣಿಸುತ್ತದೆ, ಬಾಗಿಲು ತೆರೆಯುತ್ತದೆ. ಇಂದಿನವರೆಗೆ ಜೀವ ಕಾದ ಸಾಲೇ ಇನ್ನು ಮುಂದೆ ಜೀವ ತೆಗೆಯುತ್ತದೆ. ಅವಳು ಕೂತು, ಇಡೀ ಸಾಲನ್ನು ಬಲದಿಂದ ಎಡಕ್ಕೆ ಎರಡು ಸಲ ಓದಿ, ಒಂದು ಕಳೆಯುವ ಆ ಗುರುತನ್ನು ಅಳಿಸಿದಳು. ನೋಟ್‌ಬುಕ್ಕಿನಲ್ಲಿ ದೊಡ್ಡಮ್ಮನ ತಾರೀಖಿನ ಕೆಳಗೆ ಇವತ್ತಿನ ತಾರೀಖು ಬರೆದಳು. ಹೊಸ ಯಂತ್ರವನ್ನು ಬಾಗಿಲುಗಳಿಂದ ಕಳಚಿ ಹಳೆಯದಕ್ಕೆ ಅಧಿಕಾರ ವಾಪಸು ಕೊಟ್ಟಳು. ಎರಡು ಕಂಬಳಿ ತೆಗೆದುಕೊಂಡು ಕೆಳಗಿಳಿದಳು.

ಮಾವ ತಲೆ ಎತ್ತಿದರು.

"ಸೊನ್ನೆ, ಮಾವ," ಎಂದಳು. "ಒಳಗೆ ಯಾರೂ ಇಲ್ಲ."

ಒಂದು ಕಂಬಳಿಯನ್ನು ತಮ್ಮನಿಗೆ ಹೊದಿಸಿದಳು. ಇನ್ನೊಂದನ್ನು ಮಾವ ಅವಳ ಕೈಯಿಂದ ತೆಗೆದುಕೊಂಡರು. ತಮ್ಮ ಕೂತಿದ್ದ ಮೆಟ್ಟಿಲಲ್ಲೇ, ಅವನಿಗೂ ತನಗೂ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ ಬಿಟ್ಟು ಕೂತು, ಕಂಬಳಿಯನ್ನು ಆ ಜಾಗದ ಮೇಲೆ ಹಾಸಿದರು. ಅದರ ಅಂಚನ್ನು ಸರಿಪಡಿಸಿದರು. ಆ ಕಡೆಗೆ ತಿರುಗಿ, ಪಕ್ಕದವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದರು:

"ಅಣ್ಣ, ಅಮ್ಮ ಹೋಗಿ ಹದಿನಾಲ್ಕು ವರ್ಷ ಆಯ್ತು. ನಿಂಗೆ ಹೇಳೋಣ ಅಂದ್ರೆ, ಎಲ್ಲಿಗೆ ಬಂದು ಹೇಳ್ಲಿ?"